ಮಾಸ್ತರರ ಸೈಕಲ್ಲು

ಶಾಲೆ ಬಿಟ್ಟು ಎಷ್ಟೋ ವರುಷಗಳಾದ ಮೇಲೆ ಹಳೆಯ ವಿದ್ಯಾರ್ಥಿಗಳು ಒಂದೆಡೆ ಕಲೆತಾಗ ಮೊದಲು ನೆನಪಿಗೆ ಬರುವುದು ಗುರುಗಳು ಹೇಳಿದ ಪಾಠವಲ್ಲ; ಅವರ ನಡೆ, ನುಡಿ, ರೂಢಿಗಳು. ಬ್ಯಾಡಗಿಯ ಒಬ್ಬ ಗಣಿತದ ಮಾಸ್ತರರ ವಿಷಯದಲ್ಲಿ ಆ ನೆನಪು ಒಂದು ಕಪ್ಪು ಸೈಕಲ್ಲಿನ ಗಂಟೆಯ ನಾದವಾಗಿ ಉಳಿದಿದೆ. ೧೯೮೦ರ ದಶಕದಲ್ಲಿ ಅವರ ಮನೆ ಬ್ಯಾಡಗಿಯಲ್ಲಿ, ಶಾಲೆ ಏಳೆಂಟು ಕಿಲೋಮೀಟರು ದೂರದ ಹಳ್ಳಿಯಲ್ಲಿ. ಪ್ಯಾಂಟಿನ ಅಂಚು ಚೈನಿಗೆ ಸಿಕ್ಕದಂತೆ ಕ್ಲಿಪ್ಪು ಹಾಕಿ, ಕ್ಯಾರಿಯರಿಗೆ ಪುಸ್ತಕದ ಚೀಲವನ್ನೂ ಬುತ್ತಿಯನ್ನೂ ಬಿಗಿದು ಅವರು ಹೊರಟರೆಂದರೆ ಹಾದಿಯ ಹೊಲಗಳವರಿಗೆ ಹೊತ್ತು ತಿಳಿಯುತ್ತಿತ್ತು. ಗಂಟೆ ಕೇಳಿದೊಡನೆ ಹುಡುಗರು ಗೋಲಿಯಾಟ ಬಿಟ್ಟು ಪುಸ್ತಕ ತೆರೆಯುತ್ತಿದ್ದರು.

ಕಾಲ ಉರುಳಿತು. ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆ ರೂಪುಗೊಂಡಿತು, ರಸ್ತೆಗಳು ಅಗಲವಾದವು, ಮನೆಮನೆಗೆ ಮೋಟಾರು ಸೈಕಲ್ಲು ಬಂದಿತು. ಮಾಸ್ತರರೂ ಒಂದನ್ನು ಕೊಂಡರು. ಕಪ್ಪು ಸೈಕಲ್ಲು ಹಿತ್ತಿಲ ಗೋಡೆಗೆ ಒರಗಿತು, ಟೈರು ಬಿರಿಯಿತು, ರಿಮ್ಮಿಗೆ ತುಕ್ಕು ಹಿಡಿಯಿತು. ಅದೇ ಅವಧಿಯಲ್ಲಿ ಒಡೆಯನ ಮೈಗೂ ಮೆಲ್ಲನೆ ಒಂದು ಬಗೆಯ ತುಕ್ಕು ಹಿಡಿಯುತ್ತಿತ್ತು. ೨೦೧೮ರಲ್ಲಿ ನಿವೃತ್ತರಾಗಿ ರಾಣೆಬೆನ್ನೂರಿನಲ್ಲಿ ನೆಲೆಸಿದ ಮರುವರುಷ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಕಾಯಿಲೆ ಗೋಚರಿಸಿತು. ಪರೀಕ್ಷಿಸಿದ ವೈದ್ಯರು ಅವರದೇ ಹಳೆಯ ವಿದ್ಯಾರ್ಥಿ. "ಗುರುಗಳೇ, ಔಷಧ ನಾ ಬರೀತೀನ್ರಿ. ಆದರ ಕಾಲು ನಿಮ್ಮವು. ಅವನ್ನ ನೀವೇ ಆಡಿಸಬೇಕ್ರಿ" ಎಂದರು ಆತ. ನಡೆದರೆ ಮೊಣಕಾಲು ನೋಯುತ್ತದೆಂದು ಗುರುಗಳು ಹೇಳಿದಾಗ ಶಿಷ್ಯನಿಗೆ ಆ ಗಂಟೆಯ ನಾದ ನೆನಪಾಯಿತು. ಸೈಕಲ್ಲಿನ ಮೇಲೆ ದೇಹದ ಬಹುಪಾಲು ಭಾರವನ್ನು ಸೀಟು ಹೊರುತ್ತದೆ. ಮೊಣಕಾಲಿಗೆ ಪೆಟ್ಟು ಬೀಳದೆ ತೊಡೆ, ಮೀನಖಂಡಗಳ ಸ್ನಾಯುಗಳು ದುಡಿಯುತ್ತವೆ. ಹೀಗೆ ದುಡಿಯುವ ಸ್ನಾಯುಗಳು ರಕ್ತದೊಳಗಿನ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮವನ್ನೂ, ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳ ಚಟುವಟಿಕೆಯನ್ನೂ ವಿಧಿಸಿದೆ. ಗಣಿತದ ಮಾಸ್ತರರಿಗೆ ಈ ಲೆಕ್ಕ ಕಠಿಣವೆನಿಸಲಿಲ್ಲ: ದಿನಕ್ಕೆ ೩೦ ನಿಮಿಷದಂತೆ ವಾರಕ್ಕೆ ಐದು ದಿನ. ಮಧ್ಯಮ ಪ್ರಮಾಣವನ್ನು ಅಳೆಯಲು ಯಂತ್ರವೂ ಬೇಕಿಲ್ಲ. ತುಳಿಯುತ್ತಿರುವಾಗ ಜೊತೆಗಾರನೊಡನೆ ಮಾತನಾಡಲು ಬರಬೇಕು, ಆದರೆ ಹಾಡಲು ಉಸಿರು ಸಾಲಬಾರದು.

ಆದರೆ ಮೊದಲ ಹೆಜ್ಜೆಯೇ ತಪ್ಪಿತು. ಬೆಂಗಳೂರಿನಲ್ಲಿದ್ದ ಮಗ ಅಕ್ಕರೆಯಿಂದ ಕೊಡಿಸಿದ್ದು ಸ್ಪರ್ಧೆಗೆ ಒಪ್ಪುವ ಬೆಲೆಯುಳ್ಳ ಸೈಕಲ್ಲು. ಕೆಳಗೆ ಬಾಗಿದ ಹ್ಯಾಂಡಲ್ಲು, ಬೆರಳ ಗಾತ್ರದ ಟೈರು. ವಾರದೊಳಗೆ ಬೆನ್ನು ಹಿಡಿಯಿತು, ಅಂಗೈ ಜೋಮುಗಟ್ಟಿತು, ಜಾಲಿಮುಳ್ಳಿನಿಂದ ಮೂರು ಸಲ ಪಂಕ್ಚರಾಯಿತು. ಕೊನೆಗೆ ಪೇಟೆಯ ಸೈಕಲ್ ರಿಪೇರಿಯವನು ಹೇಳಿದ: "ಗಾಡಿ ಚಲೋ ಐತ್ರಿ ಮಾಸ್ತರ, ಆದರ ನಿಮ್ಮ ಅಳತಿದಲ್ರಿ."

ಅಂಗಿಗಿರುವಂತೆ ಸೈಕಲ್ಲಿಗೂ ಅಳತೆಯಿದೆ ಎಂಬುದನ್ನು ಅವರು ಅರುವತ್ತೊಂದನೆಯ ವಯಸ್ಸಿನಲ್ಲಿ ಕಲಿತರು. ಎರಡು ಕಾಲೂ ನೆಲದ ಮೇಲಿಟ್ಟು ನಿಂತಾಗ ಮೇಲಿನ ದಂಡಕ್ಕೂ ದೇಹಕ್ಕೂ ನಡುವೆ ಒಂದೆರಡು ಅಂಗುಲ ತೆರಪಿರಬೇಕು. ಸೀಟಿನ ಮೇಲೆ ಕುಳಿತು, ಪೆಡಲನ್ನು ಪೂರ್ತಿ ಕೆಳಗಿಳಿಸಿ, ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲಿನಲ್ಲಿ ಕಿಂಚಿತ್ತು ಮಡಿಕೆ ಉಳಿಯುತ್ತದೆ. ಸೀಟು ತೀರ ತಗ್ಗಾದರೆ ಮೊಣಕಾಲು ನೋಯುತ್ತದೆ, ತೀರ ಎತ್ತರವಾದರೆ ಸೊಂಟ ಆಚೀಚೆ ಹೊರಳುತ್ತದೆ. ನಮ್ಮ ಹಳ್ಳಿಯ ಹಾದಿಗಳಿಗೆ ಮಧ್ಯಮ ಅಗಲದ ಟೈರು, ನೆಟ್ಟಗೆ ಕುಳ್ಳಿರಿಸುವ ಹ್ಯಾಂಡಲ್ಲು, ಮಡ್‌ಗಾರ್ಡು, ಗಂಟೆ, ಹಿಂದೊಂದು ಕೆಂಪು ದೀಪ ಇದ್ದರೆ ಸಾಕು. ಗೇರು ಇದ್ದರೆ ಏರಿನಲ್ಲಿಯೂ ಎದುರುಗಾಳಿಯಲ್ಲಿಯೂ ಅನುಕೂಲ. ಅದರ ಗುಟ್ಟು ಬಿರುಸಾಗಿ ಒತ್ತುವುದರಲ್ಲಿಲ್ಲ, ಹಗುರಾದ ಗೇರಿನಲ್ಲಿ ಸಲೀಸಾಗಿ ತಿರುಗಿಸುವುದರಲ್ಲಿದೆ. ಸಮತಟ್ಟು ನೆಲದಲ್ಲಿ ಹೋಗಿಬರುವವರಿಗೆ ಗೇರಿಲ್ಲದ ಗಾಡಿಯೇ ಲೇಸು. ಕೆಡಲು ಅದರಲ್ಲಿ ಭಾಗಗಳೂ ಕಡಿಮೆ.

ಸೈಕಲ್ಲಿನ ರಚನೆಯಲ್ಲಿ ನಿಗೂಢವಾದುದು ಏನೂ ಇಲ್ಲ. ೧೮೮೫ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ಗಾಡಿಯಲ್ಲಿ ಹೆಚ್ಚುಕಡಿಮೆ ಸಮಗಾತ್ರದ ಎರಡು ಗಾಲಿಗಳಿದ್ದವು, ಹಿಂದಿನ ಗಾಲಿಗೆ ಚೈನಿತ್ತು. ೧೮೮೮ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಕೂಡಿಸಿದರು. ಮೂಲರೂಪ ಇಂದಿಗೂ ಅದೇ. ಆದುದರಿಂದಲೇ ಅದರ ಪಾಲನೆ ಶಾಲೆಯ ಹುಡುಗನ ಕೈಗೂ ನಿಲುಕುವಂಥದು.

ಮಾಸ್ತರರು ಅದಕ್ಕೊಂದು ವೇಳಾಪತ್ರಿಕೆ ಮಾಡಿಕೊಂಡರು. ಹೊರಡುವ ಮುನ್ನ ನಿತ್ಯ ನೋಡಬೇಕಾದವು ಮೂರು: ಗಾಳಿ, ಬ್ರೇಕು, ಚೈನು. ಟೈರಿನ ಮಗ್ಗುಲಲ್ಲಿ ಎಷ್ಟು ಗಾಳಿ ಬೇಕೆಂಬುದು ಅಚ್ಚಾಗಿರುತ್ತದೆ. ಅದಕ್ಕಿಂತ ಕಡಿಮೆಯಾದರೆ ತುಳಿತ ಭಾರವಾಗಿ ಟ್ಯೂಬು ರಿಮ್ಮಿಗೆ ಸಿಕ್ಕು ಹರಿಯುತ್ತದೆ. ಬ್ರೇಕಿನ ರಬ್ಬರು ರಿಮ್ಮಿಗೆ ಮಾತ್ರ ತಾಗಬೇಕು, ಟೈರಿಗೆ ತಾಗಬಾರದು. ಅದರ ಗೆರೆಗಳು ಸವೆದೊಡನೆ ಬದಲಿಸಬೇಕು. ಚೈನನ್ನು ಒಣಬಟ್ಟೆಯಿಂದ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೆಚ್ಚಾದುದನ್ನು ಒರೆಸಿ ತೆಗೆಯಬೇಕು. ಎಣ್ಣೆ ಸುರಿದಷ್ಟೂ ಲೇಸೆಂಬುದು ಭ್ರಮೆ. ಜಿಗುಟಾದ ಚೈನು ದೂಳನ್ನು ಹಿಡಿದು ಅರದಂತೆ ಹಲ್ಲುಗಳನ್ನು ಸವೆಸುತ್ತದೆ. ರಿಮ್ಮಿಗೆ ಎಣ್ಣೆ ತಾಗಿದರೆ ಬ್ರೇಕು ಹಿಡಿಯದು. ಮಳೆಗಾಲದಲ್ಲಿ ಈ ಸೀಮೆಯ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಗಾಲಿಯನ್ನೇ ನಿಲ್ಲಿಸುತ್ತದೆ. ಹಸಿಯಿರುವಾಗಲೇ ಕಡ್ಡಿಯಿಂದ ಕೆರೆದು ತೊಳೆಯಬೇಕು. ವರುಷಕ್ಕೊಮ್ಮೆ, ಮಳೆಗಾಲ ಮುಗಿದೊಡನೆ, ಓವರಾಯಿಲ್ ಮಾಡಿಸಬೇಕು.

ಹಾದಿಯ ಎಚ್ಚರವೂ ವ್ಯಾಯಾಮದ ಒಂದು ಭಾಗವೇ. ಹಾವೇರಿಯಿಂದ ರಾಣೆಬೆನ್ನೂರಿಗೆ ಹೆದ್ದಾರಿಯಲ್ಲಿ ಸುಮಾರು ೩೩ ಕಿಲೋಮೀಟರು. ನಡುವೆ, ೧೯೩೦ರ ದಂಡಿಯಾತ್ರೆಯಲ್ಲಿ ಕಾಲ್ನಡೆಯಾಗಿ ಸಾಗಿದ ಮೈಲಾರ ಮಹದೇವಪ್ಪನವರ ಊರು ಮೋಟೆಬೆನ್ನೂರು. ಲಾರಿಗಳು ಧಾವಿಸುವ ಆ ಹೆದ್ದಾರಿ ಸೈಕಲ್ಲಿಗೆ ತಕ್ಕುದಲ್ಲ. ಪಕ್ಕದ ಸೇವಾರಸ್ತೆ, ಹಳ್ಳಿಗಳ ಒಳಹಾದಿಗಳೇ ಕ್ಷೇಮ. ೨೦೧೧ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಸುಗ್ಗಿಯಲ್ಲಿ, ಪೇಟೆಯ ದಿನ, ಚೀಲ ಹೊತ್ತ ವಾಹನಗಳ ಸಾಲು, ಘಾಟು, ದೂಳು ಎಲ್ಲ ಒಟ್ಟಾಗಿ ಬರುವುದರಿಂದ ಆ ಕಡೆ ಹೋಗದಿರುವುದೇ ಜಾಣತನ. ಆಷಾಢದ ಗಾಳಿಯಲ್ಲಿ ಹೋಗುವಾಗ ಎದುರಿಸಿ ತುಳಿದು, ದಣಿದು ಮರಳುವಾಗ ಬೆನ್ನಿಗೆ ಪಡೆಯುವುದು ಮಾಸ್ತರರ ಲೆಕ್ಕ. ತಲೆಗೆ ಹೆಲ್ಮೆಟ್ಟು, ಚೀಲದಲ್ಲಿ ನೀರು; ಔಷಧ ತೆಗೆದುಕೊಳ್ಳುವ ಸಕ್ಕರೆ ರೋಗಿಗೆ ತಲೆಸುತ್ತು ಬಂದೀತೆಂದು ಒಂದು ತುಂಡು ಬೆಲ್ಲ. ಇದು ವೈದ್ಯ ಶಿಷ್ಯನ ಕಟ್ಟಪ್ಪಣೆ.

೨೦೨೨ರ ಒಂದು ಮುಂಜಾನೆ ರಾಣೆಬೆನ್ನೂರಿನ ಹೊರವಲಯದಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಗಾಳಿಯಿಳಿದ ಸೈಕಲ್ಲನ್ನು ನೂಕಿಕೊಂಡು ಬರುತ್ತಿದ್ದಳು. ರಾಜ್ಯ ಸರಕಾರ ೨೦೦೬–೦೭ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಅವಳ ಅಕ್ಕನಿಗೆ ಎಂಟನೆಯ ಇಯತ್ತೆಯಲ್ಲಿ ದೊರೆತ ಗಾಡಿ ಅದು. ೨೦೨೦ರಲ್ಲಿ ಮಹಾಮಾರಿ ಬಂದು ವಿತರಣೆ ನಿಂತುದರಿಂದ ತಂಗಿಗೆ ಬೇರೆ ಸಿಕ್ಕಿರಲಿಲ್ಲ. ತಿಂಗಳಲ್ಲಿ ಎಂಟು ದಿನ ಶಾಲೆ ತಪ್ಪಿದೆಯೆಂದೂ, "ಹಿಂಗಾದರ ಸಾಲಿ ಬಿಡು ಅಂತಾನ್ರಿ ಅಪ್ಪ" ಎಂದೂ ಅವಳು ತಲೆ ತಗ್ಗಿಸಿ ಹೇಳಿದಳು. ಮಾಸ್ತರರು ಚೀಲದಿಂದ ತುಣುಕು ರಬ್ಬರು, ಅಂಟು, ಉಜ್ಜುಕಾಗದ, ಪಂಪು ಹೊರತೆಗೆದರು. ಟ್ಯೂಬು ಬಿಚ್ಚಿ, ಹಳ್ಳದ ನೀರಿನಲ್ಲಿ ಅದ್ದಿ ಗುಳ್ಳೆಯೇಳುವ ಜಾಗವನ್ನು ತೋರಿಸಿದರು. ಟೈರಿನ ಒಳಮೈಯನ್ನು ಮೆಲ್ಲನೆ ತಡವಿ ಮುರಿದು ಕುಳಿತಿದ್ದ ಮುಳ್ಳನ್ನು ಅವಳಿಂದಲೇ ತೆಗೆಸಿದರು. ಮುಳ್ಳನ್ನು ಅಲ್ಲಿಯೇ ಬಿಟ್ಟು ತೇಪೆ ಹಚ್ಚಿದರೆ ಮರುದಿನ ಮತ್ತೆ ಅದೇ ಕಥೆ. ಅರ್ಧ ಗಂಟೆಯಲ್ಲಿ ಗಾಡಿ ಸಿದ್ಧವಾಯಿತು. ಮೂವತ್ತಾರು ವರುಷ ಪಾಠ ಹೇಳಿದವರಿಗೆ, ಒಂದು ಮುಳ್ಳು ಒಂದು ಮಗುವಿನ ಶಿಕ್ಷಣವನ್ನು ನಿಲ್ಲಿಸಬಲ್ಲುದೆಂಬುದು ಅಂದು ಕಣ್ಣಿಗೆ ಕಂಡಿತು.

ಅಲ್ಲಿಂದ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಆ ಶಾಲೆಯ ಪಡಸಾಲೆಯಲ್ಲಿ ಕುಳಿತುಕೊಳ್ಳತೊಡಗಿದರು. ಒಂದು ದೊಡ್ಡ ಪಂಪು, ಮೂರು ಪಾನಾ, ಒಂದು ಬೋಗುಣಿ ನೀರು; ಉಪಕರಣಗಳು ಇಷ್ಟೇ. ಆ ಹುಡುಗಿ ಹತ್ತನೆಯ ಇಯತ್ತೆಯನ್ನು ಮುಗಿಸಿದಳು. ಹೋಗುವಾಗ ಪಂಕ್ಚರ್ ತಿದ್ದುವುದನ್ನು ಕಿರಿಯರಿಬ್ಬರಿಗೆ ಕಲಿಸಿ ಹೋದಳು. ಮಾಸ್ತರರ ಔಷಧ ನಿಂತಿಲ್ಲ, ಆದರೆ ಪ್ರಮಾಣ ಏರಿಲ್ಲ.

ಶಾಲೆಗಳಿಗೆ ಕಟ್ಟಡ, ಪುಸ್ತಕ, ಗಣಕಯಂತ್ರಗಳನ್ನು ಕೊಡುವ ಉದಾರಿಗಳು ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಅವರ ಕೊಡುಗೆಯ ಪಟ್ಟಿಯಲ್ಲಿ ಒಂದು ಗಾಳಿಯ ಪಂಪಿಗೂ ಎಡೆಯಿರಲಿ. ಹಳೆಯ ವಿದ್ಯಾರ್ಥಿಗಳ ಹಿತ್ತಿಲಲ್ಲಿ ತುಕ್ಕು ಹಿಡಿದಿರುವ ಸೈಕಲ್ಲುಗಳು ರಿಪೇರಿಯಾಗಿ ಶಾಲೆಯ ಅಂಗಳಕ್ಕೆ ಬರಲಿ. ಶಿಕ್ಷಕರು ವಾರಕ್ಕೊಂದು ಗಂಟೆಯನ್ನು ಅದರ ಪಾಠಕ್ಕೆ ಮೀಸಲಿಡಲಿ. ಹಿತ್ತಿಲ ಗೋಡೆಗೆ ಒರಗಿದ್ದ ಮಾಸ್ತರರ ಕಪ್ಪು ಸೈಕಲ್ಲಿಗೂ ಹೊಸ ಟೈರು ಬಂದಿದೆ. ದೂರದ ತಾಂಡಾದ ಹುಡುಗನೊಬ್ಬ ಅದರ ಮೇಲೆ ಶಾಲೆಗೆ ಬರುತ್ತಾನೆ. ಗಂಟೆ ಮಾತ್ರ ಹಳೆಯದೇ.