ಕಾಟನ್‌ಪೇಟೆಯಿಂದ ಕಡಲಿಗೆ

ಶುಕ್ರವಾರ ರಾತ್ರಿ ಒಂಬತ್ತರ ಹೊತ್ತಿಗೆ ಕಾಟನ್‌ಪೇಟೆಯ ಮುಖ್ಯರಸ್ತೆಯಲ್ಲಿ ಅಂಗಡಿಗಳ ಷಟರ್‌ಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ತವಕ್ಕಲ್ ಮಸ್ತಾನ್ ದರ್ಗಾದ ಮುಂದಿನ ಸಂದಣಿ ಕರಗುತ್ತದೆ. ಅದೇ ಹೊತ್ತಿಗೆ ಅಡ್ಡಬೀದಿಗಳಿಂದ ಒಂದೆರಡು ಕುಟುಂಬಗಳು ಹೊರಬೀಳುತ್ತವೆ. ಅಪ್ಪನ ಹೆಗಲಿಗೆ ದೊಡ್ಡ ಚೀಲ, ಅಮ್ಮನ ಕೈಯಲ್ಲಿ ಚಪಾತಿ, ಪುಳಿಯೋಗರೆಯ ಡಬ್ಬಿಗಳ ಬುಟ್ಟಿ, ಚಿಕ್ಕವನ ಕಂಕುಳಲ್ಲಿ ಪ್ಲಾಸ್ಟಿಕ್ ಚೆಂಡು. ಆಟೋ ಬೇಕಿಲ್ಲ. ಮೆಜೆಸ್ಟಿಕ್ ನಡೆದೇ ಹೋಗುವಷ್ಟು ಹತ್ತಿರ. ಎಲ್ಲಿಗೆ ಹೊರಟಿರಿ ಎಂದು ಎದುರುಮನೆಯವರು ಕೇಳಿದರೆ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬರುವ ಉತ್ತರ ಬಹುಮಟ್ಟಿಗೆ ಒಂದೇ: “ಮಕ್ಕಳಿಗೆ ಸಮುದ್ರ ತೋರಿಸ್ಕೊಂಡು ಬರೋಣಾಂತ.”

ಬಯಲುಸೀಮೆಯ ಮಕ್ಕಳಿಗೆ ಸಮುದ್ರ ಪಾಠಪುಸ್ತಕದ ವಸ್ತು. ಪೇಟೆಯ ಮನೆಗಳಲ್ಲಿ ನೀರೆಂದರೆ ನಲ್ಲಿ, ಸಂಪು, ಡ್ರಮ್ಮು. ಕೆರೆ ಕೂಡ ಈಗ ನೆನಪು ಮಾತ್ರ. ಅವರು ಬಸ್ಸು ಹತ್ತುವ ಮೆಜೆಸ್ಟಿಕ್ ನಿಲ್ದಾಣವೇ ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳ. ಅಂಬುಧಿ ಎಂದರೆ ಸಮುದ್ರವೇ. ಹೀಗೆ ಒಣಗಿದ ಸಮುದ್ರದಿಂದ ನಿಜವಾದ ಸಮುದ್ರಕ್ಕೆ ಬಸ್ಸು ಹೊರಡುತ್ತದೆ! ತಮಾಷೆ ಹಾಗಿರಲಿ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಈಜುಕೊಳದಲ್ಲಿ ಈಜು ಕಲಿತ ಹುಡುಗರಿಗೂ ಕಡಲಿನ ಸ್ವಭಾವ ತಿಳಿದಿರುವುದಿಲ್ಲ. ಕೊಳದ ನೀರು ನಿಂತಲ್ಲಿ ನಿಂತಿರುತ್ತದೆ, ಕಡಲಿನ ನೀರು ನಿಲ್ಲುವುದಿಲ್ಲ. ಪ್ರವಾಸದ ತಯಾರಿಯೆಂದರೆ ತಿಂಡಿ ಕಟ್ಟುವುದು, ಟಿಕೆಟ್ ಮಾಡಿಸುವುದು ಎಂದಷ್ಟೇ ತಿಳಿದಿರುವ ಮನೆಗಳಲ್ಲಿ ಹೊರಡುವ ಮುನ್ನ ಅರ್ಧ ಗಂಟೆ ಈ ಮಾತೂ ಆಗಬೇಕು.

ಮೊದಲು ದಾರಿಯ ವಿಚಾರ. ಬೆಂಗಳೂರಿನಿಂದ ಉಡುಪಿಗೆ ಸುಮಾರು 400 ಕಿ.ಮೀ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಮಲ್ಪೆ ಸಮುದ್ರಮಟ್ಟದಲ್ಲೇ ಇದೆ. ಈ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಲು ಪ್ರಯೋಗಾಲಯ ಬೇಕಿಲ್ಲ. ಹೊರಡುವಾಗ ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದರ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಚೀಲದಲ್ಲಿಟ್ಟರೆ ಸಾಕು. ಬೆಳಿಗ್ಗೆ ಘಟ್ಟ ಇಳಿದ ಮೇಲೆ ನೋಡಿದರೆ ಬಾಟಲಿಯ ಪಕ್ಕೆಗಳು ಒಳಗೆ ಸರಿದಿರುತ್ತವೆ. ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ, ಆ ತೆಳುಗಾಳಿಯನ್ನೇ ಬಾಟಲಿ ಹೊತ್ತು ತಂದಿರುತ್ತದೆ. ಮನೆಯಲ್ಲಿ ಸುಮಾರು 97 ಡಿಗ್ರಿಗೇ ಕುದಿಯುವ ನೀರು ಕರಾವಳಿಯಲ್ಲಿ 100 ಡಿಗ್ರಿಗೆ ಕುದಿಯುವುದೂ ಇದೇ ಕಾರಣಕ್ಕೆ.

ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳು ಪ್ರತಿ ಬಸ್ಸಿನಲ್ಲೂ ಇರುತ್ತಾರೆ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಒಳಕಿವಿಯಲ್ಲಿರುವ ಮೂರು ಅರ್ಧವರ್ತುಲ ನಾಳಗಳೊಳಗಿನ ದ್ರವ ದೇಹ ತಿರುಗುತ್ತಿದೆ ಎಂದು ಮಿದುಳಿಗೆ ವರದಿ ಕೊಡುತ್ತದೆ. ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ಏನೂ ಅಲುಗುತ್ತಿಲ್ಲ ಎನ್ನುತ್ತದೆ. ಎರಡು ವರದಿಗಳು ತಾಳೆಯಾಗದ್ದೇ ಹೊಟ್ಟೆ ತೊಳಸಲು ಕಾರಣ. ಹೊಟ್ಟೆಬಿರಿಯ ಊಟ ಬೇಡ, ಪೂರ್ತಿ ಉಪವಾಸವೂ ಬೇಡ. ಮಗುವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ದೂರದ ರಸ್ತೆ ನೋಡಲು ಹೇಳಬೇಕು. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ, ಹೊರಡುವ ಮೊದಲೇ ಕೊಡಬೇಕು. ವಾಂತಿ ಶುರುವಾದ ಮೇಲೆ ನುಂಗಿಸಿದ ಮಾತ್ರೆ ಹೊರಗೇ ಬರುತ್ತದೆ. ಹಗಲಿನ ಮಂಗಳೂರು ರೈಲು ಹಿಡಿದವರಿಗೆ ಈ ತೊಂದರೆ ಕಡಿಮೆ. ಜತೆಗೆ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 57 ಸುರಂಗಗಳನ್ನು ಎಣಿಸುವ ಕೆಲಸ ಮಕ್ಕಳಿಗೆ ಸಿಗುತ್ತದೆ. ಎಣಿಕೆ ಎಲ್ಲೋ ತಪ್ಪೇ ತಪ್ಪುತ್ತದೆ, ಅದರ ಜಗಳ ಮಂಗಳೂರಿನವರೆಗೂ ನಡೆಯುತ್ತದೆ.

ಕಡಲತೀರದಲ್ಲಿ ಇಳಿದ ಕೂಡಲೇ ಬೆಂಗಳೂರಿನವರು ಗೊಣಗುವುದು ಸೆಕೆಯ ಬಗ್ಗೆ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಂಪಾಗುವುದಿಲ್ಲ. ಬಾಯಾರಿಕೆಗೆ ಕಾಯದೆ ನೀರು, ಎಳನೀರು, ಮಜ್ಜಿಗೆ ಕುಡಿಯುತ್ತಿರಬೇಕು. ಸಮುದ್ರದ ನೀರನ್ನು ರುಚಿ ನೋಡಿದರೆ ಸಾಕು, ಕುಡಿಯುವಂತಿಲ್ಲ. ಅದರ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅಷ್ಟನ್ನು ಹೊರಹಾಕಲು ಮೂತ್ರಪಿಂಡಕ್ಕೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು.

ಬಟ್ಟೆಯ ಮಾತು ಬಂದಾಗ ಹತ್ತಿಯ ಹೆಸರು ಹೊತ್ತ ಪೇಟೆಯವರಿಗೆ ಬುದ್ಧಿ ಹೇಳುವುದು ಕಷ್ಟ. ಬಸ್ಸಿನಲ್ಲಿ, ಬಿಸಿಲಿನಲ್ಲಿ ಹತ್ತಿಯಂಥ ಬಟ್ಟೆ ಇನ್ನೊಂದಿಲ್ಲ. ನೀರಿಗಿಳಿಯುವಾಗ ಮಾತ್ರ ಅದೇ ಹತ್ತಿ ಶತ್ರು. ಎಳೆಗಳು ನೀರು ಹೀರಿ ಭಾರವಾಗುತ್ತವೆ. ಜೀನ್ಸ್ ಪ್ಯಾಂಟು, ಉದ್ದ ದುಪಟ್ಟಾ, ಸೀರೆ ಅಲೆಗೆ ಸಿಕ್ಕಿದರೆ ಕಾಲಿಗೆ ಸುತ್ತಿಕೊಂಡು ಎಳೆಯುತ್ತವೆ. ಮೊಣಕಾಲಿಗಿಂತ ಮೇಲೆ ನೀರಿಗೆ ಹೋಗುವ ಮಕ್ಕಳಿಗೆ ಬಿಗಿಯಾದ, ಗಿಡ್ಡನೆಯ ನೈಲಾನ್ ಉಡುಪೇ ಮೇಲು. ಇಲ್ಲೊಂದು ಸ್ವಾರಸ್ಯವಿದೆ. ಪೇಟೆಗೆ ಹಿಂದೆ ಬರುತ್ತಿದ್ದುದು ನಮ್ಮ ದೇಶದ್ದೇ ಹತ್ತಿ ತಳಿಗಳ ಅರಳೆ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವ ಹತ್ತಿಯ ತವರು ಮೆಕ್ಸಿಕೋ ಸೀಮೆ. ಅಡುಗೆಮನೆಯ ಮೆಣಸಿನಕಾಯಿಯೂ ಅಲ್ಲಿಂದಲೇ ಹಡಗಿನಲ್ಲಿ ಬಂದದ್ದು.

ಆ ಮೆಕ್ಸಿಕೋದ ಕಡಲತೀರಗಳಿಗೆ ಈಗ ಹಡಗುಗಳಲ್ಲಿ ವಿಹಾರಿಗಳು ಲಕ್ಷಗಟ್ಟಲೆ ಬರುತ್ತಾರೆ. ಅವರಿಗೆ ಹೇಳಿಕೊಡುವ ಮೊದಲ ಪಾಠ ಬಾವುಟಗಳದು. ಹಸಿರು ಇದ್ದರೆ ಶಾಂತ, ಹಳದಿ ಇದ್ದರೆ ಎಚ್ಚರ, ಕೆಂಪು ಇದ್ದರೆ ಅಪಾಯ, ಕಪ್ಪು ಇದ್ದರೆ ನೀರಿಗೆ ಇಳಿಯಲೇಬಾರದು. ನಮ್ಮ ಕರಾವಳಿಯಲ್ಲೂ ಮುಖ್ಯ ತೀರಗಳಲ್ಲಿ ಕೆಂಪು ಬಾವುಟ, ಎಚ್ಚರಿಕೆ ಫಲಕ, ಜೀವರಕ್ಷಕರು ಇರುತ್ತಾರೆ. ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡು ತೀರಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆಯಿತು. ಅದು ಸ್ವಚ್ಛತೆ, ಸೌಕರ್ಯ, ಸುರಕ್ಷತೆಯ ವ್ಯವಸ್ಥೆಗೆ ಕೊಡುವ ಮನ್ನಣೆ. ನೀಲಿ ಬಾವುಟ ಹಾರುತ್ತಿದೆ ಎಂದು ಅಂದಿನ ಅಲೆ ಸೌಮ್ಯವಾಗಿರುತ್ತದೆ ಎಂದು ತಿಳಿಯಬಾರದು.

ಅಲೆಗಿಂತ ಹೆಚ್ಚು ಭಯಪಡಬೇಕಾದದ್ದು ಸೆಳೆತಕ್ಕೆ. ದಡಕ್ಕೆ ಅಪ್ಪಳಿಸಿದ ನೀರೆಲ್ಲ ಮತ್ತೆ ಕಡಲಿಗೆ ಮರಳಲೇಬೇಕಲ್ಲ? ಮರಳದಿಣ್ಣೆಗಳ ನಡುವೆ ತಗ್ಗು ಸಿಕ್ಕಿದ ಕಡೆ ಆ ನೀರು ಒಂದು ಕಿರುಹೊಳೆಯಂತೆ ಒಟ್ಟಾಗಿ ಹೊರಗೆ ಹರಿಯುತ್ತದೆ. ಇಂಗ್ಲಿಷಿನವರು ಇದನ್ನು ರಿಪ್ ಕರೆಂಟ್ ಎನ್ನುತ್ತಾರೆ. ಮೋಸವಿರುವುದು ಇದರ ನೋಟದಲ್ಲಿ. ಎರಡು ಬದಿಯಲ್ಲಿ ಬಿಳಿ ನೊರೆಯ ಅಲೆಗಳು ಒಡೆಯುತ್ತಿದ್ದರೆ, ನಡುವೆ ಈ ಪಟ್ಟಿ ಮಾತ್ರ ನೊರೆಯಿಲ್ಲದೆ, ತುಸು ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಆಡಿಸಲು ಇದೇ ಒಳ್ಳೆಯ ಜಾಗವೆಂದು ಹೊಸಬರು ಅಲ್ಲಿಗೇ ಇಳಿಯುತ್ತಾರೆ. ಇದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸು. ಕೆಲವೊಮ್ಮೆ ಎರಡೂವರೆ ಮೀಟರಿನವರೆಗೂ ಏರುತ್ತದೆ. ನೂರು ಮೀಟರನ್ನು 47 ಸೆಕೆಂಡಿನಲ್ಲಿ ಈಜುವ ಒಲಿಂಪಿಕ್ ಈಜುಗಾರನ ವೇಗ ಎಷ್ಟಾಯಿತೆಂದು ವಿದ್ಯಾರ್ಥಿಗಳೇ ಭಾಗಿಸಿ ನೋಡಲಿ. ಅವನೂ ಇದರೆದುರು ದಡಕ್ಕೆ ಬರಲಾರ.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಬೆಂಗಳೂರಿನಂತೆಯೇ ಮುಳಬಾಗಿಲಿಗೂ ಕಡಲು ಬಹುದೂರ. ಅದಕ್ಕೂ ಮೊದಲು 2022ರ ಏಪ್ರಿಲ್‌ನಲ್ಲಿ ಮಲ್ಪೆಯ ಸೇಂಟ್ ಮೇರಿಸ್ ದ್ವೀಪದಲ್ಲಿ ಕೇರಳದಿಂದ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಮುಳುಗಿ ತೀರಿಕೊಂಡರು. ಈ ಸುದ್ದಿಗಳನ್ನು ಓದಿ ಪ್ರವಾಸವನ್ನೇ ಬೇಡವೆನ್ನುವ ತಂದೆತಾಯಿಯರಿದ್ದಾರೆ. ಅವರ ಸಂಕಟ ಅರ್ಥವಾಗುವಂಥದು. ಆದರೆ ಇಂದು ತಡೆದ ಹುಡುಗ ನಾಲ್ಕು ವರ್ಷದ ನಂತರ ಸ್ನೇಹಿತರೊಡನೆ ಹೇಳದೆ ಹೋಗುತ್ತಾನೆ, ಆಗಲೂ ಅವನಿಗೆ ಸೆಳೆತವೆಂದರೇನೆಂದು ಗೊತ್ತಿರುವುದಿಲ್ಲ.

ಸೆಳೆತ ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸಿಕ್ಕಿಕೊಂಡವರು ಸಾಯುವುದು ಹೆಚ್ಚಾಗಿ ದಡದ ಕಡೆಗೆ ನೇರವಾಗಿ ಈಜಿ ಸೋತು ಹೋಗಿ. ಮೊದಲು ಮಾಡಬೇಕಾದದ್ದು ಅಂಗಾತ ತೇಲುತ್ತ ಉಸಿರು ಹಿಡಿತಕ್ಕೆ ತಂದುಕೊಳ್ಳುವುದು, ಒಂದು ಕೈ ಎತ್ತಿ ಬೀಸುವುದು. ಉಪ್ಪುನೀರಿನಲ್ಲಿ ತೇಲುವುದು ಸಿಹಿನೀರಿಗಿಂತ ಸುಲಭ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿದರೆ ಸೆಳೆತದ ಪಟ್ಟಿಯಿಂದ ಹೊರಗೆ ಬರುತ್ತಾರೆ. ಅಲ್ಲಿಂದ ಅಲೆಗಳೇ ದಡಕ್ಕೆ ತಳ್ಳುತ್ತವೆ.

ದಡದಲ್ಲಿ ನಿಂತವರ ಪಾಡು ಇನ್ನೂ ಕಷ್ಟ. ಒಬ್ಬನನ್ನು ಉಳಿಸಲು ಹಾರಿದ ಅಣ್ಣ, ಅಪ್ಪ, ಗೆಳೆಯರೂ ಮುಳುಗುವುದರಿಂದಲೇ ಇಂಥ ಅವಘಡಗಳಲ್ಲಿ ಸಾವಿನ ಲೆಕ್ಕ ಒಂದರಿಂದ ಮೂರಕ್ಕೆ, ನಾಲ್ಕಕ್ಕೆ ಏರುತ್ತದೆ. ಹಾರಬಾರದು, ಎಸೆಯಬೇಕು. ಏನನ್ನು? ಇದಕ್ಕೆ ಪೇಟೆಯಲ್ಲೇ ತಯಾರಿ ಮಾಡಿಕೊಳ್ಳಬಹುದು. ಐದು ಲೀಟರಿನ ಖಾಲಿ ಅಡುಗೆ ಎಣ್ಣೆ ಕ್ಯಾನು, ಮುಚ್ಚಳ ಬಿಗಿ ಮಾಡಿದ್ದು. ಅದರ ಹಿಡಿಗೆ ಕಟ್ಟಿದ ಇಪ್ಪತ್ತು ಮೀಟರ್ ನೈಲಾನ್ ಹಗ್ಗ. ಆರ್ಕಿಮಿಡಿಸನ ನಿಯಮದಂತೆ ಈ ಕ್ಯಾನು ಪೂರ್ತಿ ಮುಳುಗಿದಾಗ ಐದು ಕಿಲೋಗ್ರಾಂ ನೀರನ್ನು ಸರಿಸುತ್ತದೆ, ಅಂದರೆ ಹೆಚ್ಚುಕಡಿಮೆ ಅಷ್ಟು ಭಾರವನ್ನು ಎತ್ತಿ ಹಿಡಿಯುತ್ತದೆ. ನೀರಿನಲ್ಲಿ ದೇಹದ ಬಹುಪಾಲು ತೂಕ ನೀರೇ ಹೊರುವುದರಿಂದ, ಗಾಬರಿಯಾದವನ ಮೂಗು ಬಾಯಿ ನೀರಿನ ಮೇಲಿರಲು ಇಷ್ಟು ಸಾಕಾಗುತ್ತದೆ. ಖರ್ಚು ಹಗ್ಗದ್ದು ಮಾತ್ರ. ಶಾಲೆಯ ಪ್ರವಾಸದ ಬಸ್ಸಿನಲ್ಲಿ ಇಂಥ ಐದಾರು ಕ್ಯಾನುಗಳು ಮೂಲೆಯಲ್ಲಿ ಬಿದ್ದಿದ್ದರೆ ಯಾರಿಗೂ ಹೊರೆಯಲ್ಲ. ಎಸೆಯುವವನು ಎಸೆಯುತ್ತಿರುವಾಗ ಇನ್ನೊಬ್ಬ ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಬೇಕು. ಕ್ಯಾನು ಇದೆಯೆಂದು ಆಳಕ್ಕೆ ಹೋಗುವುದು ಮಾತ್ರ ಶುದ್ಧ ಹುಚ್ಚು.

ಉಬ್ಬರ ಇಳಿತದ ಲೆಕ್ಕವನ್ನೂ ಕೇಳಿ ತಿಳಿದಿರಬೇಕು. ದಿನಕ್ಕೆ ಎರಡು ಬಾರಿ ನೀರು ಏರಿಳಿಯುತ್ತದೆ, ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಏರಿಳಿತ ಜೋರು. ಗೋಡೆಯ ಪಂಚಾಂಗ ನೋಡಿ ಪ್ರವಾಸದ ದಿನ ಗೊತ್ತುಮಾಡುವ ಅಜ್ಜಿಯರಿಗೆ ಇದು ಹಿಡಿಸುವ ವಿಜ್ಞಾನ. ಬೆಳಿಗ್ಗೆ ಇಳಿತದಲ್ಲಿ ನಡೆದುಹೋದ ಬಂಡೆಯ ಸುತ್ತ ಮಧ್ಯಾಹ್ನ ಎದೆಮಟ್ಟ ನೀರಿರಬಹುದು.

ಇನ್ನು ದೋಣಿ ವಿಹಾರ. ಕರ್ನಾಟಕದಲ್ಲಿ ಕಡಲಮೇಲಿನ ಸಣ್ಣ ಯಾನಕ್ಕೆ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಗಳಿಗೆ ಹೋಗುವುದಕ್ಕಿಂತ ಒಳ್ಳೆಯದು ಸಿಗಲಾರದು. ಮಳೆಗಾಲದಲ್ಲಿ, ಸುಮಾರಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದೋಣಿಗಳಿಲ್ಲ. ಸುಮಾರು ಆರು ಕಿ.ಮೀ. ದೂರದ ಈ ದ್ವೀಪದಲ್ಲಿ ಮರಳಿಗಿಂತ ಕಪ್ಪೆಚಿಪ್ಪುಗಳೇ ಹೆಚ್ಚು. ಅದಕ್ಕಿಂತ ದೊಡ್ಡ ಅಚ್ಚರಿ, ಬಡಗಿ ಕೊರೆದು ಜೋಡಿಸಿದಂತೆ ನಿಂತ ಕಲ್ಲಿನ ಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲಕ್ಕೆ ಹೊರಬಂದ ಲಾವಾ ತಣ್ಣಗಾಗುತ್ತ ಕುಗ್ಗಿತು. ಒಣಗಿದ ಕೆರೆಯ ಕೆಸರು ಬಿರಿಯುವಂತೆಯೇ ಅದು ಬಿರಿದು, ಬಿರುಕುಗಳು ಒಳಗಿಳಿದು ಕಂಬಗಳಾದವು. ಹೆಚ್ಚಿನವು ಆರು ಮೂಲೆಯವು, ಐದು ಮತ್ತು ಏಳು ಮೂಲೆಯವೂ ಇವೆ. ಹುಡುಕಿ ಎಣಿಸುವ ಮಕ್ಕಳು ಸೆಲ್ಫಿ ಮರೆಯುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಆದ್ದರಿಂದ ಕಲ್ಲನ್ನು ಒಡೆದು ತರುವಂತಿಲ್ಲ. ಕಂಬಗಳ ಪಾಚಿ ಜಾರುತ್ತದೆ, ಅಲೆ ಹೊಡೆಯುವ ಅಂಚಿಗೆ ಫೋಟೊಗಾಗಿ ಹತ್ತಬಾರದು.

ದೋಣಿ ಹತ್ತುವಾಗ ಲೈಫ್ ಜಾಕೆಟ್ ಕೊಟ್ಟರೆ ಸಾಲದು, ಅದರ ಪಟ್ಟಿಗಳನ್ನು ಬಿಗಿದು ಕಟ್ಟಿಕೊಳ್ಳಬೇಕು. ದೊಡ್ಡವರ ಜಾಕೆಟ್ ಮಗುವಿಗೆ ತೊಡಿಸಿದರೆ ನೀರಿನಲ್ಲಿ ಜಾಕೆಟ್ ಮೇಲೆ ಬರುತ್ತದೆ, ಮಗು ಕೆಳಗೆ ಜಾರುತ್ತದೆ. ಜನ ಹೆಚ್ಚೆನಿಸಿದರೆ ಇಳಿದು ಮುಂದಿನ ದೋಣಿಗೆ ಕಾಯಬೇಕು, ಸಂಕೋಚ ಬೇಡ. 2019ರ ಜನವರಿ 21ರಂದು ಕಾರವಾರದ ಬಳಿ, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಮಂದಿ ಸತ್ತರು. ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು. ಎಲ್ಲರೂ ಒಂದೇ ಬದಿಗೆ ಡಾಲ್ಫಿನ್ ನೋಡಲು ವಾಲಿದರೂ ದೋಣಿಯ ಗುರುತ್ವಕೇಂದ್ರ ಸರಿಯುತ್ತದೆ ಎಂಬುದು ಒಂಬತ್ತನೇ ತರಗತಿಯ ಹುಡುಗನಿಗೂ ತಿಳಿದ ಮಾತು. ದೋಣಿಯಲ್ಲಿ ಹೊಟ್ಟೆ ತೊಳಸಿದರೆ ದಿಗಂತದ ಗೆರೆಯನ್ನೇ ನೋಡುತ್ತ ನಡುಭಾಗದಲ್ಲಿ ಕೂರುವುದು ಮದ್ದು.

ಹಿಂದಿರುಗುವ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ಕೇಳಬೇಕು. ದ್ವೀಪದಲ್ಲಿ ತಂಗಲು ಅವಕಾಶವಿಲ್ಲ. ಚಳಿಗಾಲದಲ್ಲಿ ನವಮಂಗಳೂರು ಬಂದರಿಗೆ ಬರುವ ವಿದೇಶಿ ವಿಹಾರದ ಹಡಗುಗಳ ಪ್ರಯಾಣಿಕರು ಕಾರ್ಕಳ, ಮೂಡುಬಿದಿರೆ ನೋಡುತ್ತಿರುವಾಗಲೂ ಗಡಿಯಾರದ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಹಡಗು ಕಾಯುವುದಿಲ್ಲ. ನಮ್ಮವರು ಚುರುಮುರಿಗೆ ನಿಂತು ಇಡೀ ಬಸ್ಸನ್ನು ಕಾಯಿಸುತ್ತಾರೆ.

ನೀರಿನಲ್ಲಿ ಕಾಲು ಎತ್ತಿ ಇಡದೆ ಮರಳಿನಲ್ಲಿ ಎಳೆದುಕೊಂಡು ನಡೆದರೆ ಹುದುಗಿರುವ ತೊರಕೆ ಮೀನು ಸರಿದುಹೋಗುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ದಡಕ್ಕೆ ಬಿದ್ದ ನೀಲಿ ಗುಳ್ಳೆಯಂಥ ಜೀವಿಯನ್ನು ಬಲೂನೆಂದು ಮುಟ್ಟಬಾರದು, ಸತ್ತಂತೆ ಕಂಡರೂ ಅದರ ಎಳೆಗಳು ಕುಟುಕುತ್ತವೆ. ಕುಟುಕಿದರೆ ಉಜ್ಜದೆ, ಸಮುದ್ರದ ನೀರಿನಿಂದಲೇ ತೊಳೆದು, ಎಳೆಗಳನ್ನು ಬರಿಗೈ ತಾಗದಂತೆ ತೆಗೆದು, ತಾಳುವಷ್ಟು ಬಿಸಿನೀರಿನಲ್ಲಿ ಆ ಭಾಗವನ್ನು ಇರಿಸಿ ವೈದ್ಯರ ಬಳಿಗೆ ಹೋಗಬೇಕು.

ಸೋಮವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಚೀಲದ ಮೂಲೆಯಲ್ಲಿ ಒಂದು ಹಿಡಿ ಮರಳು ಹೊತ್ತು ಕಾಟನ್‌ಪೇಟೆಗೆ ನಡೆದು ಬಂದವರಿಗೆ ಒಂದು ಕೆಲಸ ಉಳಿದಿರುತ್ತದೆ. ಕಡಲಿನಲ್ಲಿ ನೆಂದ ಬಟ್ಟೆಯನ್ನು ಹಾಗೆಯೇ ತಾರಸಿಯಲ್ಲಿ ಹರವಿದರೆ ಎರಡು ದಿನವಾದರೂ ಪೂರ್ತಿ ಒಣಗುವುದಿಲ್ಲ. ಎಳೆಗಳಲ್ಲಿ ಉಳಿದ ಉಪ್ಪು, ಅದರಲ್ಲೂ ಮೆಗ್ನೀಷಿಯಂ ಕ್ಲೋರೈಡ್, ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಎರಡು ಬಕೆಟ್ ಸಿಹಿನೀರಿನಲ್ಲಿ ಜಾಲಿಸಿ ಹಾಕಿದರೆ ಮಧ್ಯಾಹ್ನದೊಳಗೆ ಒಣಗುತ್ತದೆ.