ಹಿಂದಕ್ಕೆ ಬಂದವನು ಕೆಳಗಿಳಿದವನಲ್ಲ



ಈ ಸಲ ನನ್ನದೇ ಒಂದು ತಪ್ಪಿನ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಧರ್ಮಕೇಂದ್ರದ ಫುಟ್‌ಬಾಲ್ ತಂಡದವರಿಗೆ ಈ ಕಥೆ ಗೊತ್ತು. ಗೊತ್ತಿಲ್ಲದವರು ಓದಿ, ಮನೆಯಲ್ಲಿ ಅಪ್ಪ ಅಮ್ಮನಿಗೂ ಓದಿ ಹೇಳಿ. ಆ ಹುಡುಗನನ್ನು ಕೇಳಿಯೇ ಬರೆದಿದ್ದೇನೆ. ಹೆಸರು ಮಾತ್ರ ಬೇಡ ಎಂದ.

ಗೋವಾದಲ್ಲಿ ಫುಟ್‌ಬಾಲ್ ಅಂದರೆ ಬರೀ ಆಟ ಅಲ್ಲ ಎಂದು ನಿಮಗೆ ಗೊತ್ತೇ ಇದೆ. ಈ ಆಟವನ್ನು ಇಲ್ಲಿಗೆ ತಂದವರೇ ಒಬ್ಬ ಗುರುಗಳು. 1883ರಲ್ಲಿ ಶಿವೋಲಿಯಲ್ಲಿ ಫಾದರ್ ವಿಲಿಯಂ ರಾಬರ್ಟ್ ಲಯನ್ಸ್ ಹುಡುಗರಿಗೆ ಇದನ್ನು ಕಲಿಸಿದರು. ಇಂದಿಗೂ ಎಷ್ಟೋ ಚರ್ಚುಗಳ ಪಕ್ಕದಲ್ಲೇ ಮೈದಾನ ಇದೆ. ಕೆಲಸ ಹುಡುಕಿಕೊಂಡು ಕರ್ನಾಟಕದಿಂದ ಬಂದ ನಮ್ಮಂಥ ಮನೆಗಳ ಮಕ್ಕಳು ಇಲ್ಲಿಯ ಮಕ್ಕಳ ಜೊತೆ ಮೊದಲು ಬೆರೆತದ್ದು ಆ ಮೈದಾನಗಳಲ್ಲೇ. ಕೊಂಕಣಿ ಬರುವ ಮೊದಲೇ ನಮಗೆ 'ಪಾಸ್' ಮತ್ತು 'ಗೋಲ್' ಬಂದಿತ್ತು.

ಈಗ ಕಥೆಗೆ ಬರೋಣ. ನಮ್ಮ ತಂಡದ ಆಟ ಬಹಳ ಸರಳವಾಗಿತ್ತು. ಚೆಂಡು ಸಿಕ್ಕರೆ ಎಡಗಡೆಗೆ ಒದೆಯುವುದು. ಅಲ್ಲಿ ಈ ಹುಡುಗ ಇರುತ್ತಿದ್ದ. ಹದಿನೇಳು ವರ್ಷ, ಗಾಳಿಯಂಥ ಓಟ. ಗೋಲು ಹೊಡೆಯುತ್ತಿದ್ದ, ಇಲ್ಲವೇ ಕಾರ್ನರ್ ಗಳಿಸುತ್ತಿದ್ದ. ಈ ವರ್ಷ ನಮ್ಮ ಲೆಫ್ಟ್ ಬ್ಯಾಕ್ ಹಡಗಿನ ಕೆಲಸಕ್ಕೆ ಹೋದ. ಮಧ್ಯದಲ್ಲಿ ಆಡುತ್ತಿದ್ದ ಇನ್ನೊಬ್ಬ ಓದಲು ಪುಣೆಗೆ ಹೋದ. ಆಗ ನಾನು ಆಟದ ಯೋಜನೆಯನ್ನೇ ಬದಲಿಸಿದೆ. ಮುಂದಿನ ಇಬ್ಬರು ವಿಂಗರ್‌ಗಳು ಒಳಗೆ ಬಂದು ಮಧ್ಯದಲ್ಲಿ ಆಡಬೇಕು. ಖಾಲಿಯಾದ ಅಂಚುಗಳಲ್ಲಿ ಹಿಂದಿನಿಂದ ಬ್ಯಾಕ್‌ಗಳು ಓಡಿಬರಬೇಕು. ಇದಕ್ಕೆ ಓಡಬಲ್ಲ, ಅಂಚಿನ ಗೆರೆಯನ್ನು ಬಲ್ಲ ಲೆಫ್ಟ್ ಬ್ಯಾಕ್ ಬೇಕು. ನಮ್ಮಲ್ಲಿ ಅಂಥವನು ಒಬ್ಬನೇ ಇದ್ದ.

ಲೆಕ್ಕ ಸರಿಯಾಗಿತ್ತು. ನಾನು ಹೇಳಿದ ರೀತಿ ಸರಿಯಿರಲಿಲ್ಲ. ಶನಿವಾರ ಅಭ್ಯಾಸ ಮುಗಿದ ಮೇಲೆ ಎಲ್ಲರ ಮುಂದೆ ಪಟ್ಟಿ ಓದಿದೆ. "ಲೆಫ್ಟ್ ಬ್ಯಾಕ್..." ಎಂದು ಅವನ ಹೆಸರು ಹೇಳಿದೆ. ಯಾರೋ ನಕ್ಕರು. ನಾನು ಮುಂದಿನ ಹೆಸರಿಗೆ ಹೋದೆ. ಮರುದಿನ ಪೂಜೆಗೆ ಅವನು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಪೀಠಸೇವೆಗೆ ಅವನ ಸರದಿ ಇತ್ತು, ಅದನ್ನೂ ತಪ್ಪಿಸಿದ.

ಮೂರನೇ ವಾರ ಅವನ ಮನೆಗೆ ಹೋದೆ. ಅವನ ತಾಯಿ "ಮೊದಲ ಚಾ ಕುಡೀರಿ" ಎಂದು ಕೂರಿಸಿದರು. ಹುಡುಗ ಬಾಗಿಲ ಹತ್ತಿರವೇ ನಿಂತು ಕೇಳಿದ, "ಅಣ್ಣಾ, ನಾ ಏನ್ ತಪ್ಪು ಮಾಡೇನಿ? ಎಲ್ಲಾರ ಮುಂದ ಹಿಂದಕ ನಿಂದ್ರು ಅಂದ್ರಿ."

ನಾನು ಉತ್ತರ ಹುಡುಕುವಷ್ಟರಲ್ಲಿ ಅವನ ತಂದೆ ಮಾತಾಡಿದರು. ಅವರು ಗಾರೆ ಕೆಲಸದವರು. ಭಾನುವಾರ ರಜೆ ಸಿಕ್ಕರೆ ಮೈದಾನದ ಅಂಚಿನಲ್ಲಿ ಮೊಬೈಲ್ ಹಿಡಿದು ನಿಂತಿರುತ್ತಾರೆ. "ಇಂವ ಗೋಲ್ ಹೊಡದದ್ದು ವಿಡಿಯೋ ಮಾಡಿ ಊರಾಗ ನಮ್ಮವ್ವಗ ಕಳಿಸ್ತಿದ್ದೆ. ಇನ್ನ ಏನ್ ಕಳಿಸ್ಲಿ ತಮ್ಮಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಹನ್ನೊಂದು ಜಾಗಗಳನ್ನು ನೋಡಿದ್ದೆ. ಆ ಜಾಗದ ಜೊತೆ ಒಬ್ಬ ಅಜ್ಜಿಯ ಸಂತೋಷವೂ ಕಟ್ಟಿಕೊಂಡಿದೆ ಎಂದು ನೋಡಿರಲಿಲ್ಲ. ಎಲ್ಲರ ಮುಂದೆ ಹಾಗೆ ಹೇಳಿದ್ದಕ್ಕೆ ಕ್ಷಮೆ ಕೇಳಿದೆ. ಆಮೇಲೆ ಮೊಬೈಲ್ ತೆಗೆದು ಎಫ್‌ಸಿ ಗೋವಾ ತಂಡದ ಒಂದು ಹಳೆಯ ಪಂದ್ಯ ಹಾಕಿದೆ. "ಚೆಂಡು ನೋಡಬೇಡ, ಮಂದಾರ್‌ನನ್ನು ಮಾತ್ರ ನೋಡು" ಎಂದೆ.

ಮಂದಾರ್ ರಾವ್ ದೇಸಾಯಿ ನಮ್ಮ ಗೋವಾದವರೇ. 2014ರಲ್ಲಿ ಐಎಸ್‌ಎಲ್ ಶುರುವಾದಾಗ, ಬ್ರೆಜಿಲ್‌ನ ಜೀಕೊ ಕೋಚ್ ಆಗಿದ್ದ ಎಫ್‌ಸಿ ಗೋವಾ ತಂಡದಲ್ಲಿ ಅವರು ಎಡಗಡೆಯ ವಿಂಗರ್. 2017ರಲ್ಲಿ ಸ್ಪೇನ್‌ನ ಸೆರ್ಜಿಯೊ ಲೊಬೆರಾ ಕೋಚ್ ಆಗಿ ಬಂದರು. ಅವರ ಆಟದಲ್ಲಿ ಹಿಂದಿನವರೇ ಚೆಂಡನ್ನು ಕಟ್ಟಿಕೊಂಡು ಮುಂದೆ ತರಬೇಕಿತ್ತು, ಅಂಚಿನಲ್ಲಿ ಬ್ಯಾಕ್‌ಗಳು ಮೇಲೇರಬೇಕಿತ್ತು. ಅವರು ಮಂದಾರ್‌ರನ್ನು ಲೆಫ್ಟ್ ಬ್ಯಾಕ್ ಮಾಡಿದರು. ಗೋಲು ಹೊಡೆದು ಹೆಸರಾದವರು ಕೊರೊಮಿನಾಸ್. ಮಂದಾರ್ ಆ ಅಂಚಿನಲ್ಲಿ ಮೇಲೆ ಕೆಳಗೆ ಓಡುತ್ತಲೇ ಇದ್ದರು. ಆ ತಂಡ 2019ರಲ್ಲಿ ಸೂಪರ್ ಕಪ್ ಗೆದ್ದಿತು, 2019-20ರಲ್ಲಿ ಲೀಗ್ ಶೀಲ್ಡ್ ಗೆದ್ದಿತು. ಮಂದಾರ್ ಲೆಫ್ಟ್ ಬ್ಯಾಕ್ ಆಗಿಯೇ ಭಾರತ ತಂಡಕ್ಕೂ ಆಡಿದರು. ಆಮೇಲೆ ಲೊಬೆರಾ ಮುಂಬೈ ಸಿಟಿಗೆ ಹೋದಾಗ ಮಂದಾರ್ ಕೂಡ ಅಲ್ಲಿಗೆ ಹೋದರು. 2021ರ ಮಾರ್ಚ್ 13ರಂದು ಫಾತೋರ್ಡಾದಲ್ಲಿ, ಕೋವಿಡ್‌ನಿಂದಾಗಿ ಪ್ರೇಕ್ಷಕರಿಲ್ಲದ ಮೈದಾನದಲ್ಲಿ, ಮುಂಬೈ ಕಪ್ ಎತ್ತಿತು. ಐಎಸ್‌ಎಲ್‌ನಲ್ಲಿ 100 ಪಂದ್ಯ ಮುಟ್ಟಿದ ಮೊದಲ ಆಟಗಾರ ಕೂಡ ಇದೇ ಮಂದಾರ್. ಹಿಂದಕ್ಕೆ ಬಂದದ್ದರಿಂದ ಅವರ ಆಟ ಮುಗಿಯಲಿಲ್ಲ, ಇನ್ನಷ್ಟು ಬೆಳೆಯಿತು.

ಹುಡುಗ ಅರ್ಧ ಗಂಟೆ ನೋಡಿದ. ಕೊನೆಗೆ ಕೇಳಿದ್ದು ಒಂದೇ ಮಾತು: "ಇವ್ರು ಚೆಂಡು ಇಲ್ದಾಗೂ ಯಾಕ ಅಷ್ಟು ತಲಿ ತಿರುಗಿಸ್ತಾರ?"

ಅವನು ಕಲಿಯಬೇಕಾದದ್ದು ಅದೇ ಆಗಿತ್ತು. ಇದಕ್ಕೆ ಅಮೆರಿಕದ ಒಂದು ಉದಾಹರಣೆ ಹೇಳುತ್ತೇನೆ. ಅಲ್ಲಿಯ ಫುಟ್‌ಬಾಲ್ ಬೇರೆಯೇ ಆಟ, ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಅದರಲ್ಲಿ ಡಿಫೆನ್ಸಿವ್ ಎಂಡ್ ಎಂಬ ಆಟಗಾರ ನೆಲಕ್ಕೆ ಕೈಯೂರಿ ಬಗ್ಗಿ ನಿಂತು, ಎದುರಿನವನ ಮೇಲೆ ನುಗ್ಗುತ್ತಾನೆ. ಡಿಮಾರ್ಕಸ್ ವೇರ್ ಕಾಲೇಜಿನಲ್ಲಿ ಆ ಜಾಗದಲ್ಲಿ ಆಡಿದವರು. 2005ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಅವರನ್ನು ಆರಿಸಿಕೊಂಡಿತು. ಮುಂದಿನ ಸಾಲಿನಲ್ಲಿ ಮೂವರು, ಹಿಂದೆ ನಾಲ್ವರು ನಿಲ್ಲುವ ಹೊಸ ಯೋಜನೆಯಲ್ಲಿ ಅವರನ್ನು ಔಟ್‌ಸೈಡ್ ಲೈನ್‌ಬ್ಯಾಕರ್ ಮಾಡಿತು. ಅಂದರೆ ನೆಲದಿಂದ ಕೈ ತೆಗೆದು ಎದ್ದು ನಿಲ್ಲಬೇಕು. ಕೆಲವೊಮ್ಮೆ ನುಗ್ಗಬೇಕು, ಕೆಲವೊಮ್ಮೆ ಹಿಂದೆ ಸರಿದು ಕಾಯಬೇಕು. ಯಾವಾಗ ಯಾವುದು ಎಂದು ನೋಡಿ ತಿಳಿಯಬೇಕು. ಬಲ ಅದೇ, ಓಟವೂ ಅದೇ, ಹೊಸದಾಗಿ ಕಲಿಯಬೇಕಾದದ್ದು ನೋಟ. 2023ರಲ್ಲಿ ಅವರ ಹೆಸರು ಆ ಆಟದ ಹಾಲ್ ಆಫ್ ಫೇಮ್ ಸೇರಿತು.

ನಮ್ಮ ಹುಡುಗನಿಗೂ ಹಾಗೇ ಆಯಿತು. ವಿಂಗರ್ ಚೆಂಡು ಕಳಕೊಂಡರೆ ಅವನ ಹಿಂದೆ ಏಳೆಂಟು ಜನ ಇರುತ್ತಾರೆ. ಬ್ಯಾಕ್ ಕಳಕೊಂಡರೆ ಕೆಲವೊಮ್ಮೆ ಗೋಲ್‌ಕೀಪರ್ ಒಬ್ಬನೇ. ಮೊದಮೊದಲು ಅವನು ಚೆಂಡಿನ ಹಿಂದೆ ಓಡಿ, ತಾನು ಕಾಯಬೇಕಾದವನನ್ನೇ ಬಿಟ್ಟುಬಿಡುತ್ತಿದ್ದ. ಅದಕ್ಕೆ ಹಬ್ಬದ ಪೆಂಡಾಲಿನ ಹಗ್ಗ ತಂದು ಹಿಂದಿನ ನಾಲ್ವರ ಸೊಂಟಕ್ಕೆ ಕಟ್ಟಿದೆವು, ಇಬ್ಬರ ನಡುವೆ ಸುಮಾರು ಹತ್ತು ಹೆಜ್ಜೆ ಬಿಟ್ಟು. ಒಬ್ಬ ಸರಿದರೆ ಉಳಿದವರೂ ಸರಿಯಲೇಬೇಕು. ಮೊದಲ ದಿನ ನಾಲ್ವರೂ ಬಿದ್ದರು. ಎಲ್ಲರೂ ನಕ್ಕರು, ಅವನೂ ನಕ್ಕ.

ಮೊದಲ ಪಂದ್ಯ ನಾವು ಸೋತೆವು. ಅವರ ಮೊದಲ ಗೋಲು ಅವನ ಕಡೆಯಿಂದಲೇ ಬಂತು. ಯಾರೂ ಬೈಯಲಿಲ್ಲ. ಹೊಸ ಜಾಗ ಕಲಿಯುವವನಿಗೆ ತಪ್ಪು ಮಾಡಲು ಒಂದಿಷ್ಟು ದಿನ ಬೇಕು ಎಂದು ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದೆ. ಎರಡನೇ ಪಂದ್ಯದ ಕೊನೆಯಲ್ಲಿ ಅವನು ಹಿಂದಿನಿಂದ ಓಡಿಬಂದು ಕೊಟ್ಟ ಪಾಸಿಗೆ ಬೇರೊಬ್ಬ ಗೋಲು ಹೊಡೆದ. ಎಲ್ಲರೂ ಗೋಲು ಹೊಡೆದವನ ಕಡೆ ಓಡಿದರು. ಅವನ ತಂದೆಯ ಮೊಬೈಲ್ ಮಾತ್ರ ಮಗನ ಮೇಲೇ ಇತ್ತು. ವಿಡಿಯೋ ಊರಿಗೆ ಹೋಯಿತು. ಅಜ್ಜಿ ಕೇಳಿದರಂತೆ, "ಗೋಲ್ ಹೊಡದಾಂವ ಯಾರು?" ಅಂತ. ಅದನ್ನು ಹೇಳಿ ತಂದೆ ಮಗ ಇಬ್ಬರೂ ನಕ್ಕರು. ನಿಜ ಹೇಳಬೇಕೆಂದರೆ, ಅವನು ಇವತ್ತಿಗೂ ಕೊನೆಯ ಹತ್ತು ನಿಮಿಷ ವಿಂಗ್‌ನಲ್ಲಿ ಆಡಿಸಿ ಎಂದು ಕೇಳುತ್ತಾನೆ. ಗೆಲ್ಲುತ್ತಿದ್ದರೆ ನಾನೂ ಆಡಿಸುತ್ತೇನೆ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ ಧರ್ಮಸಭೆಯನ್ನು ದೇಹಕ್ಕೆ ಹೋಲಿಸುತ್ತಾರೆ. ಎಲ್ಲ ಅಂಗಗಳೂ ಬೇಕು, ಯಾವುದೂ ಇನ್ನೊಂದಕ್ಕೆ ಬೇಡವಾದದ್ದಲ್ಲ ಎಂಬುದು ಅದರ ತಾತ್ಪರ್ಯ. ಯುವಜನರ ಕೂಟದಲ್ಲಿ ಆ ಭಾಗವನ್ನು ಎಷ್ಟೋ ಸಲ ಓದಿದ್ದೇನೆ. ಕಣ್ಣಿಗೆ ಕಾಣದ ಕೆಲಸ ಮಾಡುವವರಿಗೆ ಅದು ಸಮಾಧಾನ ಎಂದೇ ತಿಳಿದಿದ್ದೆ. ಆ ಮನೆಯಲ್ಲಿ ಚಹಾ ಕುಡಿಯುವಾಗ ನನಗೆ ಅನಿಸಿತು, ಅದು ಕೆಲಸ ಹಂಚುವವರಿಗೂ ಬರೆದ ಮಾತು. ಒಬ್ಬನಿಗೆ ಜಾಗ ಬದಲಿಸು ಎನ್ನುವ ಮೊದಲು ಅವನ ಎದುರು ಕೂತು, ಯಾಕೆ ನೀನೇ ಬೇಕು ಎಂದು ಹೇಳುವುದು ನಮ್ಮ ಕರ್ತವ್ಯ.

ಗಾನವೃಂದದಲ್ಲಿ ಹಾಡುತ್ತಿದ್ದವರನ್ನು ಕುರ್ಚಿ ಜೋಡಿಸಲು ಹಾಕುವುದು, ನಾಟಕದಲ್ಲಿ ಪಾತ್ರ ಮಾಡುತ್ತಿದ್ದವರನ್ನು ಪರದೆ ಎಳೆಯಲು ಹಾಕುವುದು ನಮ್ಮಲ್ಲೂ ನಡೆಯುತ್ತದೆ. ಕ್ರಿಸ್ಮಸ್ ಕೆಲಸಗಳ ಪಟ್ಟಿ ಈಗ ನನ್ನ ಕೈಯಲ್ಲಿದೆ. ಈ ಸಲ ಅದನ್ನು ಎಲ್ಲರ ಮುಂದೆ ಓದುವ ಮೊದಲು, ಯಾರ ಜಾಗ ಬದಲಾಗಿದೆಯೋ ಅವರ ಮನೆಗೆ ಬರುತ್ತೇನೆ. ಚಹಾ ಇಟ್ಟಿರಿ. ಬೇಡ ಅನಿಸಿದರೆ ಅಲ್ಲೇ ಹೇಳಿ, ಮಾತಾಡೋಣ.

ಭಾನುವಾರ ಸಂಜೆ ನಾಲ್ಕೂವರೆಗೆ ಅಭ್ಯಾಸ ಇದೆ. ಹಗ್ಗ ನಾನು ತರುತ್ತೇನೆ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.