ಗಂಟೆ ಹೊಡೆದಾಗ

ಹತ್ತನೇ ತರಗತಿ, ಮೂರನೇ ಪೀರಿಯಡ್. ಬೋರ್ಡಿನ ಮೇಲೆ ಥೇಲ್ಸ್ ಪ್ರಮೇಯದ ತ್ರಿಭುಜ. ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದು ಮಕ್ಕಳ ಕಡೆ ತಿರುಗುತ್ತೇನೆ. ಮುಂದಿನ ಬೆಂಚಿನ ಹುಡುಗಿಯ ಮುಖದಲ್ಲಿ ಒಂದು ಕಣ್ಣಿಲ್ಲ.

ಮೂಗಿದೆ, ಜಡೆಯ ರಿಬ್ಬನ್ ಇದೆ, ಕಣ್ಣಿರಬೇಕಾದ ಜಾಗದಲ್ಲಿ ಒಂದು ಮಿನುಗು. ಕಿಟಕಿಯಾಚೆಯ ಹಲಸಿನ ಮರ ನೋಡಿದರೆ ಮಿನುಗು ಮರದ ಮೇಲೆ, ಹಾಜರಿ ಪುಸ್ತಕ ನೋಡಿದರೆ ಹೆಸರುಗಳ ಮೇಲೆ. ನೋಡುತ್ತಿದ್ದಂತೆ ಅಗಲವಾಗಿ, ಅಂಚಿಗೆ ಗರಗಸದಂಥ ಹಲ್ಲು ಮೂಡುತ್ತದೆ.

ಗಡಿಯಾರದಲ್ಲಿ 11.40. "ಐದನೇ ಲೆಕ್ಕ ನೀವೇ ಮಾಡಿ" ಎಂದು ಕುರ್ಚಿಗೆ ಕೂರುತ್ತೇನೆ. ಇನ್ನು ಲೆಕ್ಕ ನನ್ನದು.

11.46ಕ್ಕೆ ಬಲಗೈ ಬೆರಳ ತುದಿಯಲ್ಲಿ ಜುಮುಜುಮು. ಮಣಿಕಟ್ಟು ದಾಟಿ ಮೊಣಕೈಗೆ ಬರುತ್ತದೆ, ಆಮೇಲೆ ತುಟಿಯ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಬಂದರೆ ನನಗೆ ಸಮಾಧಾನ. ಇದು ಮೈಗ್ರೇನಿನ ಔರಾ. ಮಿದುಳಿನ ಹೊರಪದರದಲ್ಲಿ ನಿಮಿಷಕ್ಕೆ ಮೂರು ಮಿಲಿಮೀಟರಿನಷ್ಟು ಸರಿಯುವ ಅಲೆ. ಪಾರ್ಶ್ವವಾಯುವಿಗೆ ಇಷ್ಟು ವ್ಯವಧಾನ ಇರುವುದಿಲ್ಲ, ಅದು ಒಂದೇ ಏಟಿಗೆ ಬೀಳುತ್ತದೆ. ಮೊದಲ ಸಲ ಹೀಗಾದವರು ಗಡಿಯಾರ ನೋಡುತ್ತ ಕೂರಬಾರದು, ಆಸ್ಪತ್ರೆಗೆ ಓಡಬೇಕು. ನನಗೆ ಇದರೊಂದಿಗೆ ಮೂವತ್ತರ ವಯಸ್ಸಿನಿಂದಲೂ ಒಡನಾಟ.

ಆದರೂ ಪರೀಕ್ಷೆ ತಪ್ಪಿಸುವುದಿಲ್ಲ. ಎರಡೂ ಕೈ ಮುಂದಕ್ಕೆ ಚಾಚುತ್ತೇನೆ: ಯಾವುದೂ ಜಾರಲಿಲ್ಲ. ಹಲ್ಲು ಕಾಣುವಂತೆ ನಗುತ್ತೇನೆ. ಮಾನಿಟರ್ ಹುಡುಗಿ ನೋಡಿ "ಸರಿಯಿದೆ ಮಿಸ್" ಎನ್ನುತ್ತಾಳೆ. ಅವಳಿಗೆ ಹೇಳಿಕೊಟ್ಟಿದ್ದೇನೆ. ಕೊನೆಗೆ ಒಂದು ವಾಕ್ಯ: ಲಂಬಕೋನ ತ್ರಿಭುಜದಲ್ಲಿ ಕರ್ಣದ ವರ್ಗವು ಉಳಿದೆರಡು... ಉಳಿದೆರಡು... ಬಾಹು ಎಂಬ ಪದ ಎದುರಿಗೇ ನಿಂತಿದೆ, ನಾಲಿಗೆಗೆ ಹತ್ತುತ್ತಿಲ್ಲ. ಹುಡುಗಿ ನೀರು ತಂದಿಟ್ಟು ಕಿಟಕಿ ಮುಚ್ಚುತ್ತಾಳೆ. 12.05ಕ್ಕೆ ಗರಗಸ ನೋಟದ ಅಂಚಿನಿಂದ ಹೊರಗೆ ಜಾರುತ್ತದೆ. ಬಾಹು ಬರುತ್ತದೆ, ಅದರ ಹಿಂದೆಯೇ ತಲೆನೋವೂ. ಇವತ್ತು ಪಾಸು.

ಒಂದೇ ಏಟಿಗೆ ಬೀಳುವುದು ಹೇಗೆಂದು ನನಗೆ ಗೊತ್ತಾದದ್ದು 46ನೇ ವಯಸ್ಸಿನಲ್ಲಿ. ಆಷಾಢದ ಬೆಳಗ್ಗೆ, ಶಿರಸಿಯ ಮನೆಯ ಬಚ್ಚಲೊಲೆಗೆ ಕಟ್ಟಿಗೆ ಒಟ್ಟುತ್ತಿದ್ದೇನೆ. ಎಡಗಾಲಿನ ಚಪ್ಪಲಿ ಕಳಚಿಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಕಾಲಿಗೆ ಗೊತ್ತಾಗುವುದಿಲ್ಲ. ಏಳಲು ಹೊರಟರೆ ಅರ್ಧ ಮೈ ಮಾತ್ರ ಏಳುತ್ತದೆ. ಗಂಡನನ್ನು ಕರೆಯುತ್ತೇನೆ, ನನಗೆ ಕೇಳಿಸುವುದು ನನ್ನ ದನಿಯಲ್ಲ, ತೊದಲು. ಹುಬ್ಬಳ್ಳಿ ನೂರು ಕಿಲೋಮೀಟರಿನಷ್ಟು ದೂರ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವು. ಆಂಬುಲೆನ್ಸಿನಲ್ಲಿ ಮಲಗಿ ನೋಡಿದರೆ ಗಾಜಿನಾಚೆ ಮಳೆ ಮತ್ತು ಮರದ ತಲೆಗಳು ಮಾತ್ರ. ಊರು ಎಲ್ಲಿಯವರೆಗೆ ಬಂತೆಂದು ತಿರುವುಗಳಿಂದಲೇ ಅಂದಾಜು ಹಾಕಬೇಕು.

ಬಿಪಿ ಸರಿಯಿದೆ. ಸಕ್ಕರೆ ಇಲ್ಲ. ಕೊಬ್ಬು ಇಲ್ಲ. "ಟೆನ್ಷನ್ ಮಾಡ್ಕೊಂಡಿದ್ರಾ ಮೇಡಂ?" ಎಂದು ಕೇಳುತ್ತಾರೆ. ಕೆಲವೇ ವಾರಗಳಲ್ಲಿ ಕಾಲು ಬಹುಮಟ್ಟಿಗೆ ಹಿಂದಿರುಗುತ್ತದೆ. ಯಾಕೆ ಹೋಯಿತೆಂಬುದು ಮಾತ್ರ ತಿಳಿಯುವುದಿಲ್ಲ.

ರಾತ್ರಿ ಬಸ್ಸು, ಬೆಂಗಳೂರು, ಹೊಸೂರು ರಸ್ತೆ, ನಿಮ್ಹಾನ್ಸ್. ತಾಳಿ, ಬಳೆ, ಹೇರ್‌ಪಿನ್ನು ಎಲ್ಲ ಗಂಡನ ಜೇಬಿಗೆ. ಎಂಆರ್‌ಐ ಕೊಳವೆಯೊಳಗೆ ಮೂಗಿನಿಂದ ಗೇಣುದ್ದಕ್ಕೂ ಕಡಿಮೆ ದೂರದಲ್ಲಿ ಬಿಳಿ ಪ್ಲಾಸ್ಟಿಕ್. ಮೊದಲು ಟಕಟಕ, ಆಮೇಲೆ ರಸ್ತೆ ಅಗೆಯುವಷ್ಟು ಗದ್ದಲ. ನಡುನಡುವೆ ಸ್ಪೀಕರಿನಲ್ಲಿ "ಅಲುಗಾಡ್ಬೇಡಿ ಅಮ್ಮ." ಕಣ್ಣು ಮುಚ್ಚಿ ಸದ್ದುಗಳಲ್ಲಿ ಶ್ರೇಢಿ ಹುಡುಕುತ್ತೇನೆ.

ಪರದೆಯ ಮೇಲೆ ನನ್ನ ಮಿದುಳು. ಒಳಗಿನ ಬಿಳಿ ದ್ರವ್ಯದಲ್ಲಿ ಅಲ್ಲಲ್ಲಿ ಹೊಳೆಯುವ ಮಚ್ಚೆಗಳು. ವೈದ್ಯರ ಪೆನ್ನು ಎರಡು ಜಾಗದಲ್ಲಿ ನಿಲ್ಲುತ್ತದೆ: ಕಪೋಲ ಹಾಲೆಗಳ ಮುಂದಿನ ತುದಿ, ಆಮೇಲೆ ಇನ್ನೂ ಒಳಗಿನ ಒಂದು ಪಟ್ಟಿ. ವಯಸ್ಸಿನಿಂದಲೋ ಬಿಪಿಯಿಂದಲೋ ಬರುವ ಮಚ್ಚೆಗಳು ಆ ತುದಿಯವರೆಗೆ ಹಬ್ಬುವುದು ಅಪರೂಪವಂತೆ. ಅವರು ಪೆನ್ನು ಕೆಳಗಿಡುತ್ತಾರೆ. "ನಿಮ್ಮ ಅಮ್ಮನಿಗೆ ಏನಾಗಿತ್ತು?"

ಕಾಗದದ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಅಜ್ಜ: ಲಕ್ವ, ಚೌಕಕ್ಕೆ ಮಸಿ. ದೊಡ್ಡಮ್ಮ: ತಲೆನೋವು, ಕೊನೆಗೆ ಮರೆವು, ವೃತ್ತಕ್ಕೆ ಮಸಿ. ಅಮ್ಮ. ಮಾವ. ಊರಲ್ಲಿ ಇದಕ್ಕೆ ನಾಗದೋಷ ಎಂದಿದ್ದರು. ಸುಬ್ರಹ್ಮಣ್ಯಕ್ಕೆ ಹೋಗಿ ಸರ್ಪಸಂಸ್ಕಾರವೂ ಆಗಿತ್ತು. ಮಸಿ ಬಳಿದ ಆಕೃತಿಗಳು ಒಂದು ತಲೆಮಾರನ್ನೂ ಬಿಡದೆ ಇಳಿಯುತ್ತ ನನ್ನ ವೃತ್ತಕ್ಕೆ ಬಂದು ನಿಲ್ಲುತ್ತವೆ. ಅದರ ಪಕ್ಕ ತಮ್ಮನ ಚೌಕ, ಕೆಳಗೆ ಮಗಳ ವೃತ್ತ. ಎರಡೂ ಖಾಲಿ. ಯಾರೂ ಹೇಳದೆಯೇ ನಾನು ಎರಡರ ಪಕ್ಕದಲ್ಲೂ ½ ಎಂದು ಬರೆಯುತ್ತೇನೆ.

ರಕ್ತಪರೀಕ್ಷೆಯ ವರದಿ ಬರುತ್ತದೆ: ಕ್ಯಾಡಾಸಿಲ್. 19ನೇ ವರ್ಣತಂತುವಿನ ನಾಚ್-3 ಎಂಬ ಜೀನಿನಲ್ಲಿ ಒಂದು ಅಕ್ಷರ ಬದಲು. ಸಣ್ಣ ಅಪಧಮನಿಗಳ ಸ್ನಾಯುಕೋಶದ ಮೇಲೆ ಕೂರುವ ಪ್ರೋಟೀನು ಆ ಜೀನಿನಿಂದ ತಯಾರಾಗುತ್ತದೆ. ಅದರಲ್ಲಿ ಸಾಲಾಗಿ 34 ಮಡಿಕೆ, ಪ್ರತಿ ಮಡಿಕೆಯಲ್ಲಿ ಆರು ಸಿಸ್ಟೀನ್. ಆರೂ ಎರಡೆರಡಾಗಿ ಬೆಸೆದುಕೊಂಡು ಆಕಾರ ಹಿಡಿದಿಡುತ್ತವೆ. ನನ್ನ ಒಂದು ಮಡಿಕೆಯಲ್ಲಿ ಐದೇ ಇವೆ. ಬೆಸಸಂಖ್ಯೆಯಾದರೆ ಒಂದು ಜೋಡಿಯಿಲ್ಲದೆ ಉಳಿಯುತ್ತದೆಂದು ಗಣಿತದವಳಿಗೆ ಯಾರೂ ಹೇಳಬೇಕಿಲ್ಲ. ಹೀಗೆ ಆಕಾರ ಕೆಟ್ಟ ಪ್ರೋಟೀನು ವರ್ಷಗಟ್ಟಲೆ ನಾಳದ ಗೋಡೆಯಲ್ಲಿ ಕೂಡಿಕೊಂಡು ಸ್ನಾಯುವನ್ನು ಕೊಲ್ಲುತ್ತದೆ. ಗೋಡೆ ದಪ್ಪಗಾಗಿ ಬಿರುಸಾಗುತ್ತದೆ. ಮಿದುಳಿನ ಒಳಭಾಗಕ್ಕೆ ರಕ್ತ ಸಾಲದಾಗುತ್ತದೆ. ಫ್ರಾನ್ಸಿನ ಕುಟುಂಬಗಳ ಬೆನ್ನುಹತ್ತಿದ ಪ್ಯಾರಿಸಿನ ವೈದ್ಯರು ಈ ರೋಗಕ್ಕೆ ಹೆಸರಿಟ್ಟದ್ದು 1993ರಲ್ಲಿ, ಜೀನ್ ಹಿಡಿದದ್ದು 1996ರಲ್ಲಿ. ಅವರಲ್ಲಿ ನಾಲ್ವರಿಗೆ 2019ರ ಬ್ರೈನ್ ಪ್ರೈಜ್ ಬಂತು. ರೋಗವನ್ನೇ ತಡೆಯುವ ಔಷಧಿ ಮಾತ್ರ ಇನ್ನೂ ಬಂದಿಲ್ಲ.

ಆಪ್ತಸಮಾಲೋಚಕಿ ಇನ್ನೊಂದು ಕಾಗದ ತೆಗೆದು ಕೇಳುತ್ತಾರೆ: "ಅಮ್ಮ ಕೊನೆಕೊನೆಗೆ ಹೇಗಿದ್ದರು? ಯಾವುದರಲ್ಲೂ ಆಸಕ್ತಿ ಇರಲಿಲ್ಲವಾ?"

ಆ ಕುರ್ಚಿಯಲ್ಲಿ ಕೂತಂತೆಯೇ ನನ್ನೆದುರು ನಮ್ಮ ಅಂಗಳ. ಅಮ್ಮನಿಗೆ ಐವತ್ತೆರಡೋ ಐವತ್ಮೂರೋ. ಅಡಿಕೆ ಹರವಿದೆ. ಅಕಾಲದ ಮಳೆ ಗುಡ್ಡ ಇಳಿದು ಬರುತ್ತಿದೆ. ಅಮ್ಮ ಜಗಲಿಯಲ್ಲಿ ಕೂತು ಅಡಿಕೆ ನೆನೆಯುವುದನ್ನು ನೋಡುತ್ತಿದ್ದಾಳೆ. ಆಗಿನ್ನೂ ಅವಳ ಕೈಕಾಲು ನೆಟ್ಟಗಿದ್ದವು. ಅಜ್ಜಿ ಅದಕ್ಕೆ ಸೊಕ್ಕು ಎಂದಳು, ಅಪ್ಪ ಸೋಮಾರಿತನ ಎಂದ. ಸಮಾಲೋಚಕಿ ಈಗ ಹೇಳುತ್ತಿರುವುದು ಬೇರೆ: ಈ ರೋಗ ಇರುವವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಗೆ ಇಂಥ ಜಡತೆ ಬರುತ್ತದೆ, ದುಃಖವಿಲ್ಲದೆಯೂ ಬರುತ್ತದೆ. ಯೋಚನೆಯನ್ನು ಕೆಲಸಕ್ಕೆ ಜೋಡಿಸುವ ಒಳದಾರಿಗಳೇ ಕಡಿದುಹೋಗಿರುತ್ತವೆ. ಅಂದರೆ ಲಕ್ವ ಹೊಡೆಯುವುದಕ್ಕೂ ಮೊದಲೇ ಅಮ್ಮ ಕಾಯಿಲೆ ಬಿದ್ದಿದ್ದಳು. ನಾವು ಅವಳ ಸ್ವಭಾವವನ್ನು ಬೈಯುತ್ತಿದ್ದೆವು.

ಅದು ಒಳಗಿನಿಂದ ಹೇಗಿರುತ್ತದೆಂದು ಈಗ ನಾನು ಹೇಳಬಲ್ಲೆ. ಸಂಜೆ ಐದು. ಅಕ್ಕಿ ತೊಳೆದು ಕುಕ್ಕರಿಗೆ ಹಾಕಿಯಾಗಿದೆ, ಲೈಟರ್ ಕೈಯಲ್ಲಿದೆ. ಒಲೆ ಹಚ್ಚಬೇಕೆಂದು ಗೊತ್ತಿದೆ. ಹಚ್ಚಲು ಬರುತ್ತದೆ. ಹಚ್ಚುವುದಿಲ್ಲ. ನೋವಿಲ್ಲ, ಬೇಸರವಿಲ್ಲ, ಹಚ್ಚದಿದ್ದರೇನು ಎಂಬ ಪ್ರಶ್ನೆಯೂ ಇಲ್ಲ. ಸ್ಟೂಲಿನ ಮೇಲೆ ಕೂತಿರುವುದು ಹಿತವಾಗಿಯೇ ಇದೆ. ಹಿತವಾಗಿರುವುದೇ ಅಪಾಯ, ನೋವಾದರೆ ಮನುಷ್ಯ ಏಳುತ್ತಾನೆ.

ಫೋನು ಬಡಿದುಕೊಳ್ಳುತ್ತದೆ. 5.10: ಒಲೆ. ಹಚ್ಚುತ್ತೇನೆ.

ಗೋಡೆಯ ಮೇಲೆ ನನ್ನ ವೇಳಾಪಟ್ಟಿ ಇದೆ, ಶಾಲೆಯದ್ದೇ ನಮೂನೆ. 6.00 ಬಿಪಿ, 6.15 ಮಾತ್ರೆ, 6.30 ನಡಿಗೆ, 9.00 ಶಾಲೆ, ಹೀಗೆ ರಾತ್ರಿಯವರೆಗೆ. ಯಾರಿಗೋ ಮನಸ್ಸಾದಾಗ ಪೀರಿಯಡ್ ಶುರುವಾಗುವ ಶಾಲೆ ಎಲ್ಲೂ ಇಲ್ಲ, ಗಂಟೆ ಹೊಡೆದರೆ ಶುರು. ನನ್ನೊಳಗೆ ಹೊಡೆಯಬೇಕಾದ ಗಂಟೆ ಒಂದೊಂದು ದಿನ ಹೊಡೆಯುವುದಿಲ್ಲ, ಅದನ್ನು ಹೊರಗೆ ತಂದು ನೇತುಹಾಕಿದ್ದೇವೆ. "ಯಾಕೆ ಸುಮ್ಮನೆ ಕೂತಿದ್ದೀಯ?" ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. "ಗಂಟೆ ಹೊಡೀತಾ?" ಎಂದು ಕೇಳುತ್ತಾರೆ. ಪರ್ಸಿನಲ್ಲಿ ಒಂದು ಚೀಟಿ: ರೋಗದ ಹೆಸರು, ಗಂಡನ ಫೋನು, ಆಂಜಿಯೋಗ್ರಾಮ್ ಮಾಡುವ ಮುನ್ನ ನರರೋಗ ತಜ್ಞರನ್ನು ಕೇಳಿ ಎಂಬ ಒಂದು ಸಾಲು.

ಭಾನುವಾರ ತಮ್ಮ ಬಂದಿದ್ದಾನೆ. 43 ವರ್ಷ, ಪರೀಕ್ಷೆ ಮಾಡಿಸಿಲ್ಲ. ಮಗಳು ತನ್ನ ನಿರ್ಧಾರ ಹೇಳಿಯಾಗಿದೆ: ಓದು ಮುಗಿಯಲಿ, ಆಮೇಲೆ ನೋಡೋಣ. ಅದು ಅವಳ ಹಕ್ಕು. ಮುಂಚಿತವಾಗಿ ತಿಳಿಯಲು ಮಾಡಿಸುವ ಇಂಥ ಪರೀಕ್ಷೆಗೆ ವಯಸ್ಕರು ತಾವಾಗಿ ಒಪ್ಪಬೇಕೆಂದು ಸಮಾಲೋಚಕಿ ಒತ್ತಿ ಹೇಳಿದ್ದರು. ತಮ್ಮ ಹಿತ್ತಿಲಿಗೆ ಹೋಗಿ ಬರುತ್ತಾನೆ, ಅಂಗಿಯಲ್ಲಿ ಸಿಗರೇಟಿನ ವಾಸನೆ. ನಾನು ಬಿಪಿ ಮಶೀನಿನ ಪಟ್ಟಿ ಅವನ ತೋಳಿಗೆ ಸುತ್ತುತ್ತೇನೆ. ಗಾಳಿ ತುಂಬುತ್ತದೆ, ಇಳಿಯುತ್ತದೆ: 148, 94.

"ಅದು ನಂಗೂ ಇದ್ರೆ ಇವೆಲ್ಲ ಮಾಡಿ ಏನು ಪ್ರಯೋಜನ ಅಕ್ಕಾ?"

ಪ್ರಯೋಜನ ಇದೆ. ಒಂದೇ ಮನೆಯಲ್ಲಿ, ಒಂದೇ ದೋಷವಿದ್ದೂ ಒಬ್ಬರು ನಲವತ್ತಕ್ಕೆ ಹಾಸಿಗೆ ಹಿಡಿಯುತ್ತಾರೆ, ಇನ್ನೊಬ್ಬರು ಅರವತ್ತಕ್ಕೂ ತೋಟಕ್ಕೆ ಹೋಗುತ್ತಾರೆ. ಆ ವ್ಯತ್ಯಾಸದ ಪೂರ್ತಿ ಲೆಕ್ಕ ಯಾರಿಗೂ ಸಿಕ್ಕಿಲ್ಲ. ಆದರೆ ಹೊಗೆ ಮತ್ತು ಬಿಪಿ ಆ ಏಟನ್ನು ಹತ್ತಿರ ತರುತ್ತವೆ ಎನ್ನುವಷ್ಟು ಗೊತ್ತಿದೆ.

"ಮತ್ತೆ ಇಲ್ದಿದ್ರೆ?" ಎನ್ನುತ್ತಾನೆ.

"ಇಲ್ದಿದ್ರೆ ಬಿಪಿ ಸರಿಯಿರೋ, ಸಿಗರೇಟು ಬಿಟ್ಟ ಗಂಡಸಾಗಿ ಬದುಕ್ತೀಯ. ನಷ್ಟ ಏನು? ಪರೀಕ್ಷೆ ಬೇಡ ಅಂದ್ರೆ ಬೇಡ. ಸಿಗರೇಟು ಬಿಡೋಕೆ ಯಾವ ಜೀನ್ ವರದಿಯೂ ಬೇಕಾಗಿಲ್ಲ. ನಾಳೆ ಬೆಳಗ್ಗೆ ಆರಕ್ಕೆ ನಿನ್ನ ಫೋನಿಗೂ ಗಂಟೆ ಹಾಕ್ತೀನಿ, ಕೊಡು ಇಲ್ಲಿ."